ಹಿತ್ತಾಳೆಗೆ ಯಾವ ಬಣ್ಣ?

ನನ್ನ ಚಿತ್ರಗಳನ್ನು ನೋಡಿದವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಒಳ್ಳೇ ಫೋಟೋ ಇದ್ದ ಹಾಗೇ ಇದೆ ಸಾರ್." ಅದನ್ನು ಹೊಗಳಿಕೆಯೆಂದೇ ಅವರು ಹೇಳುತ್ತಾರೆ, ನಾನೂ ಹೊಗಳಿಕೆಯೆಂದೇ ತೆಗೆದುಕೊಂಡು ಕೈಮುಗಿಯುತ್ತೇನೆ. ಈಚೆಗೆ ಮಾತ್ರ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರತೊಡಗಿದೆ. ಮೊಬೈಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುವುದನ್ನು ತಿಂಗಳುಗಟ್ಟಲೆ ಕೂತು ಬರೆಯುವುದು ಏತಕ್ಕೆ? ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ದುಡಿದು, ನಿವೃತ್ತನಾಗಿ ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ಕೇಳುವವರ ಮೇಲೆ ಸಿಟ್ಟಿಲ್ಲ. ನ್ಯಾಯವಾದ ಪ್ರಶ್ನೆಯೇ ಅದು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ ಎನ್ನುವವನು ಒಂದು ಆಯುಷ್ಯವನ್ನೇ ಅದಕ್ಕೆ ಸುರಿದಿದ್ದರೆ, ಕಾಣುವುದರಲ್ಲಿ ಅಷ್ಟೊಂದು ಏನಿತ್ತು ಎಂಬುದನ್ನಾದರೂ ಅವನು ಹೇಳಬೇಕಾಗುತ್ತದೆ.

ನನ್ನ ಮಟ್ಟಿಗೆ ಅದು ಒಂದು ಹಿತ್ತಾಳೆ ಚೊಂಬಿನಿಂದ ಶುರುವಾಯಿತು. ನಾವು ಹೈಸ್ಕೂಲಿನಲ್ಲಿದ್ದಾಗ ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವುದೆಂದರೆ ಊರಿಗೇ ಗೊತ್ತಾಗುವ ಸಂಗತಿಯಾಗಿತ್ತು. ಅದರಲ್ಲಿ ವಸ್ತುಚಿತ್ರ ಎಂಬ ಒಂದು ಪತ್ರಿಕೆ. ಸ್ಟೂಲಿನ ಮೇಲೆ ಚೊಂಬೊಂದನ್ನೋ ಲೋಟವನ್ನೋ ಇಟ್ಟು, ಪಕ್ಕದಲ್ಲಿ ಒಂದು ಹಣ್ಣನ್ನೋ ಮಡಿಚಿದ ಬಟ್ಟೆಯನ್ನೋ ಇಟ್ಟು ಬರೆಯಿಸುತ್ತಿದ್ದರು. ಅಭ್ಯಾಸಕ್ಕೆಂದು ಮನೆಯ ಚೊಂಬನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದುಕೊಂಡು ಹೋಗಿದ್ದೆ. ಅದಕ್ಕೆ ಹಳದಿ ಬಳಿಯಲು ಹೊರಟವನನ್ನು ತಡೆದು ನಮ್ಮ ಮೇಷ್ಟ್ರು, "ಹಿತ್ತಾಳೆಗೆ ಯಾವ ಬಣ್ಣವೋ?" ಎಂದರು. ಹಳದಿ ಎಂದೆ. "ಎಲ್ಲಿದೆ ತೋರಿಸು" ಎಂದರು. ಬೆರಳಿಟ್ಟು ತೋರಿಸಲು ಹೋದರೆ ನಿಜಕ್ಕೂ ಅಲ್ಲಿ ಹಳದಿ ಸಿಗಲಿಲ್ಲ. ಹೊಟ್ಟೆಯ ಎಡಭಾಗದಲ್ಲಿ ಕಪ್ಪಿಗೆ ಹತ್ತಿರದ ಒಂದು ಹಸಿರು. ಅದರ ಪಕ್ಕದಲ್ಲಿ ಕಾಫಿಯ ಕಂದು. ಕಂಠದ ಕೆಳಗೆ ಕೆಂಪು, ಏಕೆಂದರೆ ಪಕ್ಕದಲ್ಲಿದ್ದ ಬಟ್ಟೆ ಕೆಂಪು. ನಡುವೆ ಕಿಟಕಿಯದ್ದು ಬಾಗಿದ ಒಂದು ಬಿಳಿ ಚೌಕ, ಅದರ ಸರಳುಗಳ ಸಮೇತ. ಆ ಬಿಳುಪಿನ ಅಂಚಿನಲ್ಲಿ ನೂಲಿನಷ್ಟು ಅಗಲದಲ್ಲಿ ಮಾತ್ರ ನಾನು ಹಳದಿಯೆಂದು ನಂಬಿದ್ದ ಬಣ್ಣವಿತ್ತು. ಉಳಿದ ಚೊಂಬನ್ನೆಲ್ಲ ನನ್ನ ತಲೆಯೇ ಹಳದಿ ಮಾಡಿಕೊಂಡಿತ್ತು.

ಆ ಚೊಂಬಿನ ಹೊಟ್ಟೆಯ ಮೇಲೆ ಕುಗ್ಗಿದ ಆಕಾರದಲ್ಲಿ, ದೊಡ್ಡ ಮೂಗಿನ ಒಬ್ಬ ಹುಡುಗನೂ ಕೂತಿದ್ದ. ಅವನನ್ನೂ ಬರೆಯಬೇಕೇ ಎಂದು ಕೇಳಿದ್ದಕ್ಕೆ ಮೇಷ್ಟ್ರು, ಕಾಣಿಸುತ್ತಿದ್ದರೆ ಬರಿ ಎಂದು ಹೇಳಿ ಮುಂದಿನ ಬೆಂಚಿಗೆ ಹೋದರು.

ಈ ಸೀಮೆಯಲ್ಲಿ ಹುಟ್ಟಿದವನಿಗೆ ಚಿನ್ನವನ್ನು ಚಿತ್ರದಲ್ಲಿ ತರುವ ಇನ್ನೊಂದು ದಾರಿಯೂ ಎದುರಿಗೇ ಇತ್ತು. ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ದೇವರ ಕಿರೀಟ, ಪ್ರಭಾವಳಿ, ಒಡವೆಗಳಿಗೆ ಮಕ್ಕಿ ಸಫೇದವೆಂಬ ಬಿಳಿ ಪುಡಿಯನ್ನೂ ರೇವಣಚಿನ್ನಿಯ ಹಳದಿ ಹಾಲನ್ನೂ ಅಂಟಿನೊಡನೆ ಅರೆದು ಮಾಡಿದ ಲೇಪದಿಂದ ತೆಳುವಾಗಿ ಉಬ್ಬು ಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕನ್ನೇ ಹೊದಿಸುತ್ತಾರೆ. ಅಲ್ಲಿ ಚಿನ್ನವೆಂದರೆ ಚಿನ್ನವೇ. ಆ ಶೈಲಿಯಲ್ಲಿ ಕೂದಲೆಳೆಯ ಕುಂಚ ಹಿಡಿದು ಒಂದು ರೇಖೆಯನ್ನು ನಡುಗದೆ ಎಳೆಯುವ ಕೈಗಳನ್ನು ಕಂಡರೆ ನನಗೆ ಈಗಲೂ ಗೌರವ. ಆದರೆ ನನ್ನನ್ನು ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ಹುಚ್ಚು: ಒಂದು ಚೂರೂ ಚಿನ್ನವಿಲ್ಲದೆ, ಮಣ್ಣಿನ ಬಣ್ಣಗಳಾದ ಯಲ್ಲೋ ಓಕರ್, ರಾ ಅಂಬರ್, ಬರ್ಂಟ್ ಸಿಯೆನಾಗಳನ್ನು ಸರಿಯಾದ ಜಾಗದಲ್ಲಿ ಇಟ್ಟು, ನೋಡುವವನ ಕಣ್ಣಿನಲ್ಲಿ ಚಿನ್ನ ಹುಟ್ಟುವಂತೆ ಮಾಡುವುದು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತಾಗ ನಾನು ಮೊದಲು ನೋಡಿದ್ದು ಮುಖಗಳನ್ನಲ್ಲ, ಒಡವೆಗಳನ್ನು. ಹತ್ತಿರ ಹೋದರೆ ಕಂದು ಬಣ್ಣದ ಒಂದೆರಡು ಗೀಟು, ಮೇಲೊಂದು ದಪ್ಪನೆಯ ಬಿಳಿ ಚುಕ್ಕೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕೊರಳಿನ ಚಿನ್ನದ ಅಡ್ಡಿಕೆ.

ಜಗನ್ಮೋಹನ ಅರಮನೆ 1861ರಲ್ಲಿ ಕಟ್ಟಿದ್ದು. 1915ರಿಂದ ಅದು ಚಿತ್ರಶಾಲೆ. ನಮ್ಮ ಪೀಳಿಗೆಯ ಮೈಸೂರು ಚಿತ್ರಗಾರರಿಗೆ ಯುರೋಪಿನ ಯಾವ ಮ್ಯೂಸಿಯಮ್ಮೂ ಎಟುಕುವಂತಿರಲಿಲ್ಲವಾದ್ದರಿಂದ ಅದೇ ನಮ್ಮ ವಿಶ್ವವಿದ್ಯಾಲಯವಾಗಿತ್ತು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಅಂದರೆ ಮುಂದೆ ಐದನೆಯ ಜಾರ್ಜ್ ಆದ ಯುವರಾಜ 1906ರಲ್ಲಿ ಅಡಿಗಲ್ಲಿಟ್ಟ ಆ ಕಟ್ಟಡ, ನಡೆದು ಹೋಗುವಷ್ಟು ಹತ್ತಿರ. ಕೆ. ಕೆ. ಹೆಬ್ಬಾರರೂ ಮುಂಬಯಿಗೆ ಹೋಗುವ ಮೊದಲು ಸ್ವಲ್ಪ ಕಾಲ ಆ ಸಂಸ್ಥೆಯಲ್ಲಿ ಕಲಿತವರೇ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. 1980ರ ದಶಕದ ಆರಂಭದಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಹುಟ್ಟಿದ್ದೂ ಆ ಪರಂಪರೆಯಿಂದಲೇ. ಹಳೆಯ ಕಟ್ಟಡದಲ್ಲಿ ಈಗ ಕಾವೇರಿ ಎಂಪೋರಿಯಂ ಇದೆ. ಗಂಧದ ಆನೆ ಕೊಳ್ಳಲು ಬಂದ ಪ್ರವಾಸಿಗರ ನಡುವೆ ನಾನು ಒಮ್ಮೊಮ್ಮೆ ಕಾರಣವಿಲ್ಲದೆ ಒಳಗೆ ಹೋಗಿ ಬರುವುದುಂಟು.

ರವಿವರ್ಮನ ವಿಷಯಕ್ಕೆ ಬಂದರೆ, ಅವನ ಕೊನೆಯ ಎರಡು ವರ್ಷ ನನ್ನನ್ನು ಬಹಳ ಕಾಡಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಒಪ್ಪಿಕೊಂಡಾಗ ಅವನಿಗೆ ಐವತ್ತಾರರ ಆಸುಪಾಸು. ಕೀರ್ತಿ ಬೇಕಾದಷ್ಟಾಗಿತ್ತು, ಅವನ ಅಚ್ಚಿನ ಚಿತ್ರಗಳು ಮನೆಮನೆಯ ಗೋಡೆ ಸೇರಿದ್ದವು. ಜೀವನದುದ್ದಕ್ಕೂ ಜೊತೆಯಲ್ಲೇ ಚಿತ್ರ ಬರೆದ ತಮ್ಮ ರಾಜರಾಜವರ್ಮ 1905ರ ಜನವರಿಯಲ್ಲಿ ತೀರಿಕೊಂಡ. ರವಿವರ್ಮನಿಗೋ ಸಕ್ಕರೆ ಕಾಯಿಲೆ. ಅಷ್ಟಾಗಿಯೂ ಆ ಒಂಬತ್ತನ್ನೂ ಮುಗಿಸಿದ. 1906ರ ಅಕ್ಟೋಬರಿನಲ್ಲಿ ಕಣ್ಣು ಮುಚ್ಚಿದ. ಆ ಚಿತ್ರಗಳಲ್ಲಿ ಕೆಲವು ನಾಟಕದ ಪರದೆಯಂತಿವೆ ಎಂಬ ಆಕ್ಷೇಪಣೆಯನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೂ ಒಡಹುಟ್ಟಿದವನನ್ನು ಕಳೆದುಕೊಂಡ ಮನುಷ್ಯ ಮತ್ತೆ ಬಂದು ಈಸಲ್ಲಿನ ಮುಂದೆ ನಿಂತು, ರೇಷ್ಮೆ ಸೀರೆಯ ಮಡಿಕೆಯಲ್ಲಿ ನೆರಳು ಎಲ್ಲಿ ತಿರುಗುತ್ತದೆ ಎಂದು ನೋಡತೊಡಗುವುದಿದೆಯಲ್ಲ, ಅದು ದೊರೆಯ ದುಡ್ಡಿಗಾಗಿ ಮಾತ್ರ ಆಗುವ ಕೆಲಸವಲ್ಲವೆಂದು ನನಗೆ ತೋರುತ್ತದೆ.

ಜಗನ್ಮೋಹನಕ್ಕೆ ಬಂದವರು ಅಲ್ಲಿನ 'ದೀಪ ಹಿಡಿದ ಹೆಂಗಸ'ನ್ನು ಹುಡುಕಿಕೊಂಡು ಹೋಗುತ್ತಾರೆ. ಬಹುಪಾಲು ಜನ ಅದನ್ನೂ ರವಿವರ್ಮನದೆಂದೇ ನಂಬಿ ಹಿಂತಿರುಗುತ್ತಾರೆ. ಅದು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್ 1940ರ ದಶಕದ ನಡುವಿನಲ್ಲಿ ಬರೆದದ್ದು; ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿದ್ದರು. ಇನ್ನೊಂದು ಸಂಗತಿಯನ್ನು ಹೇಳಿದರೆ ಚಿತ್ರಗಾರರಲ್ಲದವರಿಗೆ ಅಷ್ಟಾಗಿ ತಟ್ಟುವುದಿಲ್ಲ: ಅದು ತೈಲವರ್ಣವಲ್ಲ, ಜಲವರ್ಣ. ತೈಲದಲ್ಲಿ ಕತ್ತಲೆಯನ್ನು ಮೊದಲು ಬರೆದು ಬೆಳಕನ್ನು ಆಮೇಲೆ ಅದರ ಮೇಲೆ ಇಡಬಹುದು, ಸರಿಹೋಗದಿದ್ದರೆ ಕೆರೆದು ತೆಗೆಯಬಹುದು. ಪಾರದರ್ಶಕವಾದ ಜಲವರ್ಣದಲ್ಲಿ ಬೆಳಕೆಂದರೆ ಮುಟ್ಟದೆ ಬಿಟ್ಟ ಕಾಗದ. ಎಲ್ಲಿ ಬೆಳಕಿರಬೇಕೆಂಬುದನ್ನು ಮೊದಲ ಕುಂಚ ಅದ್ದುವ ಮುನ್ನವೇ ತಿಳಿದಿರಬೇಕು. ದೀಪಕ್ಕೆ ಅಡ್ಡಹಿಡಿದ ಬೆರಳುಗಳ ಅಂಚಿನಲ್ಲಿ ಬೆಳಕು ಮಾಂಸದೊಳಗಿಂದ ಹಾದು ಕೆಂಪಾಗಿ ಹೊಮ್ಮುವ ಜಾಗವನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ಮನೆಯಲ್ಲಿ ಮೇಣದಬತ್ತಿಗೆ ಕೈ ಅಡ್ಡ ಹಿಡಿದು ಹೋಲಿಸಿಯೂ ನೋಡಿದ್ದೇನೆ. ಆ ಕೆಂಪಿನ ಪಕ್ಕದಲ್ಲಿ ಅಷ್ಟು ಬೇಗ ತಣ್ಣನೆಯ ನೆರಳು ಬರುತ್ತದೆಂಬುದು ಊಹಿಸಿ ಬರೆಯುವವನಿಗೆ ಸಿಕ್ಕುವುದಲ್ಲ.

ಫೋಟೋದ ಮಾತಿಗೆ ನನ್ನಲ್ಲಿರುವ ಉತ್ತರ ಮಾತ್ರ ದೊಡ್ಡ ಅರಮನೆಯಲ್ಲಿದೆ. ಕಲ್ಯಾಣಮಂಟಪದ ಸುತ್ತಲಿನ ಗೋಡೆಗಳ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು ಮೊದಲಾದ ಮೈಸೂರಿನವರೇ 1930–40ರ ದಶಕಗಳಲ್ಲಿ ಬರೆದರು. ಅವರು ಫೋಟೋಗಳನ್ನು ಇಟ್ಟುಕೊಂಡೇ ಬರೆದರೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ; ಗೈಡುಗಳೂ ಹೇಳುತ್ತಾರೆ. ಆದರೆ ಆ ಕಾಲದ ಫೋಟೋ ಕಪ್ಪು ಬಿಳುಪು. ಸಿಪಾಯಿಯ ನಿಲುವಂಗಿಯ ಕೆಂಪು ಬಿಸಿಲಿನಲ್ಲಿ ಕಿತ್ತಳೆಯ ಕಡೆಗೂ ನೆರಳಿನಲ್ಲಿ ಊದಾ ಕಡೆಗೂ ವಾಲುವುದು, ಆನೆಯ ಬೂದು ಮೈ ಆಕಾಶಕ್ಕೆ ಎದುರಾದ ಬೆನ್ನಿನ ಮೇಲೆ ನೀಲಿಯಾಗುವುದು, ನೆಲಕ್ಕೆ ಹತ್ತಿರವಾದ ಹೊಟ್ಟೆಯ ಮೇಲೆ ಮಣ್ಣಿನ ಬಣ್ಣವಾಗುವುದು, ಇದಾವುದನ್ನೂ ಫೋಟೋ ಅವರಿಗೆ ಕೊಟ್ಟಿರಲಾರದು. ಫೋಟೋ ಕೊಟ್ಟದ್ದು ಯಾರು ಎಲ್ಲಿ ನಿಂತಿದ್ದರು ಎಂಬ ಸಾಕ್ಷಿ ಮಾತ್ರ. ಬಣ್ಣವನ್ನು ಅವರು ಬೀದಿಯಲ್ಲಿ ನಿಂತು, ವರ್ಷವರ್ಷವೂ ಕಣ್ಣಾರೆ ನೋಡಿ ಕೂಡಿಸಿಕೊಂಡದ್ದು. ಪ್ರವಾಸಿಗರ ಗುಂಪು ಆ ಗೋಡೆಯನ್ನು ಎರಡು ನಿಮಿಷದಲ್ಲಿ ದಾಟಿ ಮೇಲಿನ ಗಾಜಿನ ಛಾವಣಿಯ ಕಡೆ ಕತ್ತೆತ್ತುವುದನ್ನು ಕಂಡಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ. ಆ ಛಾವಣಿಯ ನವಿಲುಗಳೂ ಚೆನ್ನಾಗಿಯೇ ಇವೆ, ಇಲ್ಲವೆನ್ನುವುದಿಲ್ಲ.

ಜೀವನ ಸಾಗಿಸಲು ಮೇಷ್ಟ್ರ ಸಂಬಳವಿತ್ತು. ಬಣ್ಣ, ಕ್ಯಾನ್ವಾಸುಗಳ ಖರ್ಚು ಹೊರಟದ್ದು ತೀರಿಕೊಂಡವರ ಭಾವಚಿತ್ರಗಳಿಂದ. ಮಂಡ್ಯ ಕಡೆಯ ಮನೆಗಳಲ್ಲಿ ನಡುಮನೆಯ ಗೋಡೆಗೆ ಅಪ್ಪನದೋ ಅಜ್ಜನದೋ ದೊಡ್ಡ ತೈಲಚಿತ್ರ ಹಾಕುವುದು ಒಂದು ಮರ್ಯಾದೆ. ಅದಕ್ಕೆ ಆಧಾರವಾಗಿ ಬರುತ್ತಿದ್ದದ್ದು ಮದುವೆಯ ಗುಂಪಿನ ಫೋಟೋದಲ್ಲಿ ಉಗುರಿನಷ್ಟಗಲದ ಒಂದು ಮುಖ, ಇಲ್ಲವೇ ಮತದಾರರ ಚೀಟಿಯ ಮಸಿ ಹಿಡಿದ ಚಿತ್ರ. ಜರಿಪೇಟ ಹಾಕಿ, ಭುಜಕ್ಕೆ ಶಲ್ಯ ಹೊದಿಸಿ, ಕುರ್ಚಿಯಲ್ಲಿ ಕೂರಿಸಿ ಎನ್ನುತ್ತಿದ್ದರು. ಬದುಕಿದ್ದಾಗ ಪೇಟವನ್ನೇ ಕಟ್ಟದವರಿಗೂ ಪೇಟ ಬರುತ್ತಿತ್ತು. ಆಮೇಲೆ ಎಲ್ಲರದೂ ಒಂದೇ ಕೋರಿಕೆ: "ಮೇಷ್ಟ್ರೇ, ಒಂಚೂರು ಬೆಳ್ಳಗೆ ಮಾಡಿ."

ಮೊದಮೊದಲು ಈ ಮಾತಿಗೆ ರೇಗುತ್ತಿದ್ದವನು ಕ್ರಮೇಣ ಬೇರೆಯೇ ಒಂದನ್ನು ಕಂಡುಕೊಂಡೆ. ಜನ ಬೆಳ್ಳಗೆ ಮಾಡಿ ಎನ್ನುತ್ತಿದ್ದುದು ಅಂಗಡಿ ಚಿತ್ರಗಳಲ್ಲಿ ಕಪ್ಪು ಮೈಯನ್ನು ಸತ್ತ ಬಣ್ಣದಲ್ಲಿ ಬರೆದಿರುವುದನ್ನೇ ನೋಡಿದ್ದರಿಂದ. ಬಣ್ಣದ ಪೆಟ್ಟಿಗೆಯಲ್ಲಿ ಫ್ಲೆಶ್ ಟಿಂಟ್ ಎಂಬ ಹೆಸರಿನ ಟ್ಯೂಬೊಂದು ಇರುತ್ತದೆ. ಅದನ್ನು ಹಿಂಡಿದರೆ ಬರುವುದು ಬಿಳಿಯರ ಮಗುವಿನ ಕೆನ್ನೆಯ ಗುಲಾಬಿ. ಅದಕ್ಕೆ ಕಂದು ಬೆರೆಸಿದರೆ ಕೆಸರಾಗುತ್ತದೆಯೇ ಹೊರತು ಗದ್ದೆಯಲ್ಲಿ ಬೆಂದ ಮನುಷ್ಯನ ಮೈಯಾಗುವುದಿಲ್ಲ. ನಮ್ಮವರ ಮೈಯನ್ನು ಬಿಸಿಲಿನಲ್ಲಿ ಕೂರಿಸಿ ನೋಡಬೇಕು. ಎಣ್ಣೆ ಹಚ್ಚಿದ ಕಪ್ಪು ಹಣೆಯ ಮೇಲೆ ಹೊಳಪು ಬೆಚ್ಚಗಿರುವುದಿಲ್ಲ, ಅದು ಆಕಾಶದ ನೀಲಿ; ಅದರ ಪಕ್ಕದಲ್ಲಿ ಬರ್ಂಟ್ ಸಿಯೆನಾದ ಕೆಂಗಂದು; ದವಡೆಯ ಕೆಳಗೆ ಬಿಳಿ ಅಂಗಿಯ ಬೆಳಕು ಮೇಲಕ್ಕೆ ಎಗರಿ ನೆರಳನ್ನೇ ತಿಳಿಗೊಳಿಸಿರುತ್ತದೆ; ಕಿವಿಯ ಹಾಲೆ ಮಾತ್ರ ಹಿಂದಿನಿಂದ ಬಿಸಿಲು ಬಿದ್ದರೆ ಕೆಂಡ. ಇಷ್ಟನ್ನೂ ನೋಡಿ ಬರೆದ ಮೇಲೆ ಬಣ್ಣವನ್ನು ಎಳ್ಳಷ್ಟೂ ತಿಳಿ ಮಾಡದಿದ್ದರೂ, ಮನೆಯವರು ಬಂದು ನೋಡಿ, ಬೆಳ್ಳಗೆ ಮಾಡಿದ್ದೀರಿ ಎಂದೇ ಸಂತೋಷಪಟ್ಟು ಹೋಗುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ನಮ್ಮಂಥವರನ್ನು ಹಿಂದುಳಿದವರೆಂದು ನೋಡುತ್ತಿದ್ದ ಒಂದು ಕಾಲವೂ ಇತ್ತು. ಒಂದು ಪ್ರದರ್ಶನದ ಆಯ್ಕೆ ಸಮಿತಿಯಲ್ಲಿ ನನ್ನ ಚಿತ್ರವನ್ನು ಕ್ಯಾಲೆಂಡರ್ ಎಂದು ಪಕ್ಕಕ್ಕಿಟ್ಟರೆಂದು ಆಮೇಲೆ ತಿಳಿಯಿತು. ನವ್ಯ ಚಿತ್ರಕಲೆಯ ಮೇಲೆ ನನಗೆ ಹಗೆಯಿಲ್ಲ. ಅದರಿಂದ ಕಲಿತದ್ದೂ ಇದೆ. ಆದರೆ ಕಂಡದ್ದನ್ನು ಬರೆಯುವುದು ಮುಗಿದ ಅಧ್ಯಾಯ ಎಂಬ ಮಾತನ್ನು ಒಪ್ಪಲು ಸಾಧ್ಯವಾಗಲೇ ಇಲ್ಲ. ಸ್ಪೇನಿನ ಆಂಟೋನಿಯೊ ಲೋಪೆಸ್ ಗಾರ್ಸಿಯಾ ಮ್ಯಾಡ್ರಿಡ್ಡಿನ ಗ್ರಾನ್ ವಿಯಾ ಎಂಬ ಬೀದಿಯನ್ನು 1974ರಿಂದ 1981ರವರೆಗೆ ಬರೆದರು. ಬೇಸಿಗೆಯ ಮುಂಜಾವಿನಲ್ಲಿ ಅದೇ ಬೆಳಕು ಸಿಗುವ ಸ್ವಲ್ಪವೇ ಹೊತ್ತು ರಸ್ತೆಯಲ್ಲಿ ನಿಂತು ಬರೆಯುವುದು, ಬೆಳಕು ತಿರುಗಿದ ಕೂಡಲೇ ಗಂಟು ಕಟ್ಟುವುದು. ಸ್ಪೇನಿನ ರಾಜಕುಟುಂಬದ ಚಿತ್ರವನ್ನು 1994ರಲ್ಲಿ ಹಿಡಿದು 2014ರಲ್ಲಿ ಬಿಟ್ಟರು. ಅಷ್ಟರಲ್ಲಿ ಆ ರಾಜನೇ ಪಟ್ಟದಿಂದ ಇಳಿದಿದ್ದ. ಇದನ್ನು ಓದಿದಾಗ ನನಗೆ ನಗು ಬಂತು, ಜೊತೆಗೆ ಧೈರ್ಯವೂ ಬಂತು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಗಿನ ಬೆಳಕು ತಗಡಿನ ಸಂದಿಯಿಂದ ಸೇವಂತಿಗೆಯ ಕುಕ್ಕೆಗಳ ಮೇಲೆ ಬೀಳುವುದನ್ನು ನಾನೂ ಹಾಗೆಯೇ ವರ್ಷಗಳ ಕಾಲ ಬರೆದಿದ್ದೆ. ಹೂವು ಕಟ್ಟುವ ಹೆಂಗಸರು, "ಏನ್ ಸಾಮಿ, ಇನ್ನೂ ಮುಗೀನಿಲ್ವಾ?" ಎನ್ನುತ್ತಿದ್ದರು.

ಏಕೆ ಮುಗಿಯುವುದಿಲ್ಲ ಎಂಬುದಕ್ಕೆ ನಾನು ಕಂಡುಕೊಂಡ ಕಾರಣ ಸರಳವಾದದ್ದು. ಕೈ ಪಳಗಿದಂತೆ ಕೆಲಸ ಸುಲಭವಾಗಬೇಕಲ್ಲವೇ ಎಂದು ಬೇರೆ ಕಸುಬಿನವರು ಕೇಳುತ್ತಾರೆ. ಇಲ್ಲಿ ಕೈಗಿಂತ ಕಣ್ಣು ಬೇಗ ಪಳಗುತ್ತದೆ. ಇಪ್ಪತ್ತರಲ್ಲಿ ನೆರಳೆಂದರೆ ಒಂದೇ ಕಪ್ಪು, ಅದನ್ನು ಬರೆಯುವಷ್ಟು ಕೈ ನನಗಿತ್ತು. ನಲವತ್ತರಲ್ಲಿ ಅದೇ ನೆರಳಿನಲ್ಲಿ ನಾಲ್ಕು ಬಣ್ಣ ಕಾಣತೊಡಗಿದವು, ಬರೆಯಲು ಎರಡಕ್ಕೆ ಮಾತ್ರ ಕೈ ಬರುತ್ತಿತ್ತು. ಆ ಅಂತರ ಕಿರಿದಾಗುವ ಲಕ್ಷಣ ಈಗಲೂ ಇಲ್ಲ. ಜನ ಇದನ್ನು ಶ್ರದ್ಧೆ, ತಪಸ್ಸು ಎಂದೆಲ್ಲ ಕರೆಯುವಾಗ ಮುಜುಗರವಾಗುತ್ತದೆ. ಬೆಳಗ್ಗೆ ಎದ್ದು ನಿನ್ನೆ ಬರೆದದ್ದನ್ನು ನೋಡಿದರೆ ಅದು ಸರಿಯಿಲ್ಲವೆಂದು ಕಾಣುತ್ತದೆ, ಅಷ್ಟಕ್ಕೇ ಕುಂಚ ಕೈಗೆ ಬರುತ್ತದೆ. ತೈಲವರ್ಣವೂ ಈ ಸ್ವಭಾವಕ್ಕೆ ಒಗ್ಗುವ ಮಾಧ್ಯಮ. ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅಂಬರ್ ಬಳಿದ ಕಡೆ ಒಂದೆರಡು ದಿನಕ್ಕೆ ಒಣಗಿದರೆ ಟೈಟಾನಿಯಂ ಬಿಳಿ ವಾರವಾದರೂ ಅಂಟುತ್ತಿರುತ್ತದೆ. ಮೈಸೂರಿನ ಜಡಿಮಳೆಯಲ್ಲಂತೂ ಕೇಳುವುದೇ ಬೇಡ. ಕಾಯುವ ಹೊತ್ತಿನಲ್ಲಿ ಇನ್ನೂ ನೋಡುವುದಾಗುತ್ತದೆ, ನೋಡಿದಷ್ಟೂ ಕೆಲಸ ಬೆಳೆಯುತ್ತದೆ.

ಈಗ ಕೈಯಲ್ಲಿರುವುದು ಆಲೆಮನೆಯ ಚಿತ್ರ. ಪಾಂಡವಪುರದ ಕಡೆ ನಾಲೆಯ ಪಕ್ಕದ ಒಂದು ಆಲೆಮನೆಯಲ್ಲಿ ಕೂರಲು ಯಜಮಾನರು ಜಾಗ ಕೊಟ್ಟಿದ್ದಾರೆ. ಕಷ್ಟವೆಲ್ಲ ಇರುವುದು ಹಬೆಯಲ್ಲಿ. ಒಲೆಯ ಬಾಯಿಯ ಮುಂದೆ ಅದು ಕಿತ್ತಳೆ, ಬಾಗಿಲಿನ ಬೆಳಕಿಗೆ ಅಡ್ಡ ಬಂದರೆ ಹಾಲು, ತಗಡಿನ ಕತ್ತಲೆಗೆ ಎದುರಾದರೆ ನೀಲಿ, ಒಂದೇ ಹಬೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತ ಹೋದಂತೆ ಸುಣ್ಣ ಹಾಕಿ, ಬೆಂಡೆಯ ಲೋಳೆ ಬಿಟ್ಟು ಮಡ್ಡಿ ತೆಗೆಯುತ್ತಾರೆ. ಆಗಿನ ನೊರೆ ಮಾಸಲು ಹಸಿರು. ಪಾಕ ಹದಕ್ಕೆ ಬರುವಾಗ ಗುಳ್ಳೆಗಳು ದಪ್ಪವಾಗಿ, ಸೋಮಾರಿಯಾಗಿ ಒಡೆಯುತ್ತವೆ, ಬಣ್ಣ ಹೊನ್ನಿಗೆ ತಿರುಗುತ್ತದೆ. ಉತ್ತರ ಪ್ರದೇಶದಿಂದ ಬಂದು ಅಲ್ಲಿ ಪಾಕ ನೋಡುವ ಒಬ್ಬ ಮನುಷ್ಯ, ನನ್ನ ಬೆನ್ನ ಹಿಂದೆ ಬಂದು ನಿಂತವನು, ಕ್ಯಾನ್ವಾಸಿನ ಮೇಲಿನ ಕೊಪ್ಪರಿಗೆಯನ್ನು ಬಹಳ ಹೊತ್ತು ನೋಡಿ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, "ಇಳಿಸಬೇಕು, ಇಲ್ಲಾಂದ್ರೆ ಕರಿ ಆಯ್ತದೆ" ಎಂದ. ಚಿತ್ರ ಚೆನ್ನಾಗಿದೆಯೆಂದು ಅವನು ಹೇಳಲಿಲ್ಲ. ನನಗೆ ಇಷ್ಟು ವರ್ಷದಲ್ಲಿ ಸಿಕ್ಕ ವಿಮರ್ಶೆಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಈ ನಡುವೆ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಮನೆಯ ಗೋಡೆಗೆ ಯಾರೋ ಹೊಸದಾಗಿ ಸುಣ್ಣ ಹೊಡೆದಂತೆ ಕಂಡಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಅದು ಅಷ್ಟು ನಿಧಾನವಾಗಿ ಆಗುವುದರಿಂದ ನಮಗೆ ತಿಳಿಯುವುದೇ ಇಲ್ಲ. ಹೊಸ ಲೆನ್ಸಿನ ಬಲಗಣ್ಣಿಗೆ ಚಾಮುಂಡಿ ಬೆಟ್ಟ ಬೆಳಗಿನ ಹೊತ್ತು ನೇರಳೆ. ಪೊರೆ ಉಳಿದಿರುವ ಎಡಗಣ್ಣಿಗೆ ಅದೇ ಬೆಟ್ಟ ಮಾಸಲು ಹಸಿರು. ಫ್ರಾನ್ಸಿನ ಶಾರ್ಡೆನ್, ತಾಮ್ರದ ಪಾತ್ರೆ ಈರುಳ್ಳಿಗಳನ್ನೂ ದೇವರ ಚಿತ್ರದಷ್ಟೇ ಶ್ರದ್ಧೆಯಿಂದ ಬರೆದವನು, ಎಪ್ಪತ್ತರ ಹೊತ್ತಿಗೆ ಕಣ್ಣು ಕೆಟ್ಟು ತೈಲವರ್ಣವನ್ನು ಬಿಡಬೇಕಾಯಿತು. ಅವನು ಪೇಸ್ಟಲ್ ಕಡ್ಡಿಗಳನ್ನು ಹಿಡಿದು 1771ರಲ್ಲೂ 1775ರಲ್ಲೂ ಕನ್ನಡಕ ಹಾಕಿದ ತನ್ನ ಮುಖವನ್ನೇ ಬರೆದ, ಅವು ಲೂವ್ರ್‌ನಲ್ಲಿವೆ. ನನಗೆ ಅವನ ಕಷ್ಟವಿಲ್ಲ, ಒಂದೇ ಕೋಣೆಯಲ್ಲಿ ಮಳೆಗಾಲವೂ ಬೇಸಿಗೆಯೂ ಇದ್ದಂತೆ ಎರಡು ಕಣ್ಣಿನದು ಎರಡು ಲೋಕವಾಗಿರುವುದು ಮಾತ್ರ.

ಎಡಗಣ್ಣನ್ನೂ ಬೇಗ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳುತ್ತಿದ್ದಾರೆ, ಮನೆಯಾಕೆಯೂ ಹೇಳುತ್ತಿದ್ದಾಳೆ. ಆದರೆ ಆಲೆಮನೆಯ ಚಿತ್ರವನ್ನು ನಾನು ಹಳೆಯ ಕಣ್ಣುಗಳಲ್ಲಿ ಶುರುಮಾಡಿದ್ದು. ಅದರ ಕಿತ್ತಳೆ, ಕಂದುಗಳೆಲ್ಲ ಆ ಹಳದಿಯ ಒಳಗಿಂದ ಕಂಡವು. ಬಲಗಣ್ಣಿನಲ್ಲಿ ನೋಡಿದರೆ ಮಾಡಿರುವ ಕೆಲಸವೆಲ್ಲ ಬೆಂದುಹೋದಂತೆ ಕಾಣುತ್ತದೆ, ಎಡಗಣ್ಣಿನಲ್ಲಿ ಸರಿಯಾಗಿದೆ. ಹೀಗಾಗಿ ಬಲಗಣ್ಣಿಗೆ ಕರ್ಚೀಫು ಕಟ್ಟಿಕೊಂಡು ಮುಂದುವರಿಸುತ್ತಿದ್ದೇನೆ. "ಆಪರೇಷನ್ ಮಾಡಿಸಿಕೊಂಡಿರೋ ಕಣ್ಣನ್ನೇ ಮುಚ್ಚಿಕೊಂಡು ಕೂತ್ಕೊಂಡ್ರೆ ಅದಕ್ಯಾಕೆ ಅಷ್ಟು ದುಡ್ಡು ಸುರೀಬೇಕಿತ್ತು ರೀ?" ಎಂದು ಆಕೆ ಕೇಳುವುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಡಾಕ್ಟರ ಹತ್ತಿರ ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆಂದು ಹೇಳಿದ್ದೇನೆ. ಅಷ್ಟರಲ್ಲಿ ಹಬೆಯ ಕೆಲಸ ಮುಗಿಯಬೇಕು, ಕೊಪ್ಪರಿಗೆಯ ಅಂಚಿನಲ್ಲಿ ಒಣಗಿದ ಪಾಕ ಇನ್ನೂ ಪೂರ್ತಿ ಬಾಕಿಯಿದೆ.